ಹೋಬಳಿಗೆ ಎಂಟು ಜನ, ಒಂದು ಪೆನ್ಸಿಲ್: ಈ ಸಲ ಯಾಕೋ ನಂಬಿಕೆ ಬರ್ತಿದೆ, ಹುಚ್ಚಾ ಇದು?

#1 · ಕೆರೆ ಏರಿ

ನಮಸ್ಕಾರ. ನಾನು ಪಾಂಡವಪುರ ಕಡೆಯವನು. ನಾಲೆ ಕೆಳಗೆ ಎರಡು ಎಕರೆ ಗದ್ದೆ, ನಾಲ್ಕು ಹಸು. ಇಪ್ಪತ್ತು ವರ್ಷದಿಂದ ಹೆಗಲ ಮೇಲೆ ರೈತ ಸಂಘದ ಹಸಿರು ಟವೆಲ್ ಇದೆ. ದೊಡ್ಡ ಪದವಿ ಏನಿಲ್ಲ, ಪೋಸ್ಟರ್ ಅಂಟಿಸೋನು, ಮೈಕ್ ಹಿಡಿಯೋನು ಅಂದ್ಕೊಳ್ಳಿ.

ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿಗೆ ಕೊನೆಯ ಸಲ ಎಲೆಕ್ಷನ್ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಎಳೆದದ್ದೇ ಎಳೆದದ್ದು. ಅವತ್ತು ಎಸ್ಸೆಸ್ಸೆಲ್ಸಿ ಓದುತ್ತಿದ್ದ ನನ್ನ ತಮ್ಮನ ಮಗನಿಗೆ ಈಗ ಹೆಣ್ಣು ನೋಡುತ್ತಿದ್ದೇವೆ. ಅಷ್ಟು ದಿನ ಆಯ್ತು.

ಇವತ್ತಲ್ಲ ನಾಳೆ ಬಂದೇ ಬರುತ್ತೆ ಅಂತ ನಾವು ತಯಾರಿ ಶುರು ಮಾಡಿದ್ದೇವೆ. ಭಾನುವಾರ ಸಂಜೆ ಹಾಲು ಹಾಕಿ ಬಂದ ಮೇಲೆ ಸ್ಕೂಲ್ ಜಗಲಿ ಮೇಲೆ ಕೂರುತ್ತೇವೆ. ಮೊದಲು ಮೂರು ಜನ ಇದ್ದೆವು. ಈಗ ಎಂಟು. ನಗಬೇಡಿ, ನಮ್ಮ ಹೋಬಳಿಗೆ ಎಂಟು ಅಂದ್ರೆ ಜಾಸ್ತಿನೇ.

ಮಾಡೋ ಕೆಲಸ ಒಂದೇ. ವೋಟರ್ ಲಿಸ್ಟ್ ಓದೋದು. ಒಬ್ಬ ಹೆಸರು ಓದುತ್ತಾನೆ, ಉಳಿದವರು ಹೇಳುತ್ತಾರೆ, ನಾನು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ನಮ್ಮವರಿಗೆ ರೈಟು, ಅವರ ಕಡೆಯವರಿಗೆ ಇಂಟು, ಬೇಲಿ ಮೇಲೆ ಕೂತವರಿಗೆ ಪ್ರಶ್ನೆ ಚಿಹ್ನೆ. ಹೋದ ಸಲ ಟೀ ಕೊಟ್ಟವರಿಗೆಲ್ಲ ರೈಟು ಹಾಕಿಬಿಟ್ಟಿದ್ದೆವು. ಎಣಿಕೆ ದಿನ ಗೊತ್ತಾಯ್ತು, ನಮ್ಮೂರಲ್ಲಿ ಟೀ ಎಲ್ಲರಿಗೂ ಕೊಡ್ತಾರೆ ಅಂತ.

ಈ ಸಲ ರೈಟು ಜಾಸ್ತಿ ಇಲ್ಲ. ಆದರೆ ಇಂಟು ಇದ್ದ ಮನೆಗಳಲ್ಲಿ ಪ್ರಶ್ನೆ ಚಿಹ್ನೆ ಬರುತ್ತಿದೆ. ಅದೇ ನನಗೆ ಖುಷಿ. ಮನೆಯಲ್ಲಿ ಹೇಳಿದರೆ "ಪ್ರಶ್ನೆ ಚಿಹ್ನೆಗೆ ಯಾವ ಊರಲ್ಲಿ ಸೀಟು ಕೊಡ್ತಾರೆ?" ಅಂತಾಳೆ ನಮ್ಮವಳು.

ನೀವೂ ಯಾವುದಾದರೂ ಪಕ್ಷಕ್ಕೆ ಹೀಗೆ ಓಡಾಡಿದ್ದರೆ ಹೇಳಿ. ಈ ನಂಬಿಕೆ ಎಲ್ಲಾ ಸಲ ಬರುವ ಜ್ವರನಾ, ಇಲ್ಲ ಏನಾದರೂ ಇದೆಯಾ?

#2 · ಮಲಪ್ರಭೆ ದಂಡೆ

ಅಣ್ಣಾರ, ಜ್ವರನೇ ಅದು. ನಮ್ಮ ಅಪ್ಪಗೂ ಬಂದಿತ್ತು.

1989ರಾಗ ನಾ ಸಣ್ಣಾವ. ರೈತ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ನಿಂತು ಎರಡೂ ಕಡೆ ಗೆದ್ದರು. ಒಂದು ಸೀಟು ಬಿಟ್ಟುಕೊಟ್ಟು ಅಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿ ಅವರನ್ನು ಗೆಲ್ಲಿಸಿದರು. ಆಗ ರೈತ ಸಂಘದವರು ಊರೂರಿಗೆ ಹೋಗಿ ವೋಟೂ ಕೊಡಿ, ನೋಟೂ ಕೊಡಿ ಅಂತ ಕೇಳುತ್ತಿದ್ದರು. ನಮ್ಮ ಅಪ್ಪ ಸೈಕಲ್ ಮ್ಯಾಲ ಹನ್ನೆರಡು ಹಳ್ಳಿ ಸುತ್ತಿ ನೋಟು ಕೂಡಿಸಿದ್ದ. ಚೀಲದಾಗ ಒಂದು ರೂಪಾಯಿ, ಎರಡು ರೂಪಾಯಿ ನೋಟೇ ಜಾಸ್ತಿ. ಅದನ್ನ ಎಣಿಸಿ ಕಟ್ಟು ಕಟ್ಟುವ ಕೆಲಸ ನಂದು. ಬೆವರಿನ ವಾಸನಿ ಬರ್ತಿತ್ತು.

ರಾಜ್ಯ ಪೂರ್ತಿ ಬದಲಾಗುತ್ತೆ ಅಂತ ನಂಬಿದ್ದ ಅಪ್ಪ. ಬಂದದ್ದು ಎರಡು ಸೀಟು. ಆಮೇಲೆ ಸಂಘ ಒಡೀತು. 1998ರಾಗ ಬಾಬಾಗೌಡ್ರು ಬಿಜೆಪಿಯಿಂದ ಬೆಳಗಾವಿ ಎಂಪಿ ಆಗಿ ಕೇಂದ್ರದಾಗ ಮಂತ್ರಿಯೂ ಆದರು. ಅಪ್ಪ ಅವತ್ತು ಏನೂ ಮಾತಾಡಲಿಲ್ಲ. ಟವೆಲ್ ತೆಗೆದು ಗೂಟಕ್ಕೆ ಹಾಕಿದ. ಅದು ಇನ್ನೂ ಅಲ್ಲೇ ಅದ.

ನಿಮ್ಮ ಉತ್ಸಾಹಕ್ಕೆ ತಣ್ಣೀರು ಹಾಕಬೇಕಂತ ಅಲ್ಲ ರೀ. ಹೇಳಿದೆ ಅಷ್ಟೇ.

#3 · ವೈಟ್‌ಫೀಲ್ಡ್ ಬಾಡಿಗೆ ಮನೆ

ಕೆರೆ ಏರಿ ಅಣ್ಣ, ನಿಮ್ಮ ಎಂಟು ಜನ ನಿಜವಾಗಿ ಬಂದು ಕೂತಿದ್ದಾರೆ ಅಲ್ವಾ? ನನಗೆ ಹೊಟ್ಟೆಕಿಚ್ಚು.

2023ರ ವಿಧಾನಸಭೆಗೆ ನಾನು ಒಂದು ಹೊಸ ಪಕ್ಷಕ್ಕೆ ಸ್ವಯಂಸೇವಕ ಆಗಿದ್ದೆ. ಹೆಸರು ಬೇಡ ಬಿಡಿ. ವಾಟ್ಸಾಪ್ ಗ್ರೂಪಿನಲ್ಲಿ ಏಳುನೂರು ಜನ. ಬೆಳಗ್ಗೆ ಎದ್ದರೆ ಇನ್ನೂರು ಮೆಸೇಜು. ನಾವು ಗೆದ್ದೇಬಿಟ್ಟೆವು ಅಂತ ನನಗೆ ಖಾತ್ರಿ ಆಗಿತ್ತು. ಮೊದಲ ಶನಿವಾರ ಕರಪತ್ರ ಹಂಚೋಕೆ ಕರೆದರೆ ಬಂದವರು ಐದು ಜನ. ಅದರಲ್ಲಿ ಒಬ್ಬರು ಸೆಲ್ಫಿ ತೆಗೆದುಕೊಂಡು ಹೋದರು.

ಆಮೇಲೆ ಅಪಾರ್ಟ್‌ಮೆಂಟ್ ಗೇಟು. ಸೆಕ್ಯೂರಿಟಿಯವರು ಫೋನ್ ಮಾಡಿ ಕೇಳ್ತಾರೆ, "ಮೇಡಂ, ರಾಜಕೀಯದವರು ಬಂದಿದ್ದಾರೆ." ಆ ಕಡೆಯಿಂದ "ಕಳಿಸಬೇಡಿ." ಪಿಜ್ಜಾ ತಂದವನನ್ನು ಬಿಡ್ತಾರೆ, ನಮ್ಮನ್ನು ಬಿಡಲಿಲ್ಲ. ಹಿಂದಿನ ಬೀದಿಯ ವಠಾರದಲ್ಲಿ ಮಾತ್ರ ಬಾಗಿಲು ತೆಗೆದಿತ್ತು. ಅಲ್ಲಿ ಕೂರಿಸಿ ನೀರು ಕೊಟ್ಟರು. ಆದರೆ ಅವರಲ್ಲಿ ಅರ್ಧ ಜನರ ವೋಟು ರಾಯಚೂರಲ್ಲೋ, ಯಾದಗಿರಿಯಲ್ಲೋ.

ಆ ಸಲ ವೋಟಿನ ದಿನ ಬುಧವಾರ ಬಿದ್ದಿತ್ತು, ನೆನಪಿದೆಯಾ? ಜನ ರಜಾ ಸೇರಿಸಿಕೊಂಡು ಊರು ಬಿಡಬಾರದು ಅಂತ. ಆದರೂ ರಾಜ್ಯದಲ್ಲಿ 73% ಆದರೆ ಬೆಂಗಳೂರಿನ ಬಹಳ ಕಡೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ನಮ್ಮ ಅಭ್ಯರ್ಥಿಗೆ ಠೇವಣಿ ಹೋಯ್ತು. ಆರರಲ್ಲಿ ಒಂದು ಪಾಲು ವೋಟು ಬರಬೇಕಲ್ಲ, ಅದರ ನೆರಳೂ ಕಾಣಲಿಲ್ಲ. ಹತ್ತು ಸಾವಿರ ರೂಪಾಯಿ ಠೇವಣಿಯಲ್ಲಿ ಒಂದು ಸಾವಿರ ನಂದು.

ಇಲ್ಲಿ ಪಾಲಿಕೆಗೆ ಕೊನೆಗೆ ವೋಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. 2020ರಿಂದ ಕಾರ್ಪೊರೇಟರ್‌ಗಳೇ ಇಲ್ಲ. ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯ್ತು. ಮತ್ತೆ ಗ್ರೂಪು ಜೀವ ಪಡೆದಿದೆ. ನನ್ನನ್ನೂ ಸೇರಿಸಿದ್ದಾರೆ. ಮ್ಯೂಟ್ ಮಾಡಿದ್ದೇನೆ, ಬಿಟ್ಟು ಹೋಗಿಲ್ಲ.

#4 · ಗೋಡೆ ಬರಹ

ಎಲ್ಲಾ ಸರಿ ಸ್ವಾಮಿ. ಕೊನೆಯ ಎರಡು ರಾತ್ರಿ ಮನೆ ಮನೆಗೆ ಕವರ್ ಹೋಗುತ್ತಲ್ಲ, ಅದಕ್ಕೆ ನಿಮ್ಮ ಪೆನ್ಸಿಲ್ ಏನು ಮಾಡುತ್ತೆ? ಆರು ತಿಂಗಳು ಹಾಕಿದ ಪ್ರಶ್ನೆ ಚಿಹ್ನೆ ಒಂದು ರಾತ್ರಿಯಲ್ಲಿ ಇಂಟು ಆಗುತ್ತೆ. ಸುಮ್ನೆ ಟೈಮ್ ವೇಸ್ಟು.

#5 · ತೆಂಗಿನ ತೋಟ

ನಾನು ದೊಡ್ಡ ಪಕ್ಷದ ಬೂತ್ ಮಟ್ಟದವ. ಉಡುಪಿ ಕಡೆ. ಯಾವ ಪಕ್ಷ ಅಂತ ಕೇಳಬೇಡಿ, ನಾಳೆ ನಮ್ಮ ಮಂಡಲದವರು ಓದಿದ್ರೆ ಕಷ್ಟ ಮಾರಾಯ್ರೆ.

ನೀವು ಎಂಟು ಜನ ಮಾಡುವುದನ್ನೇ ನಾವು ಹೆಸರಿಟ್ಟು ಮಾಡುತ್ತೇವೆ. ಲಿಸ್ಟಿನ ಒಂದು ಪುಟಕ್ಕೆ ಒಬ್ಬ. ನನ್ನ ಪುಟದಲ್ಲಿ ಹತ್ತು ಮನೆ ಇರಬಹುದು. ಆ ಹತ್ತು ಮನೆಯಲ್ಲಿ ಯಾರು ಮುಂಬೈ ಹೋಟೆಲಿನಲ್ಲಿದ್ದಾರೆ, ಯಾರು ಗಲ್ಫಿನಲ್ಲಿದ್ದಾರೆ, ಯಾವ ಅಜ್ಜಿಗೆ ಮೊಣಕಾಲು ನೋವು ಅಂತ ನನಗೆ ಗೊತ್ತು. ವೋಟಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಸಲ ಲೆಕ್ಕ, ಮೂರಕ್ಕೆ ಒಂದು ಸಲ. ಬಾರದವರ ಮನೆಗೆ ಹೋಗಿ "ಎಂತ ಶಾರದಕ್ಕ, ಬರ್ಲಿಲ್ವಾ?" ಅಂತ ಕೇಳುವುದು. ಅಷ್ಟೇ ರಾಜಕೀಯ.

ಆದ್ರೆ ಬೇಜಾರು ಇಲ್ಲ ಅಂತ ಹೇಳುವುದಿಲ್ಲ. ಹದಿನೈದು ವರ್ಷ ಹೀಗೆ ಸುತ್ತಿದ ನಮ್ಮ ಒಬ್ಬರಿಗೆ ಈ ಸಲ ಟಿಕೆಟ್ ಅಂತ ಎಲ್ಲರೂ ಅಂದುಕೊಂಡಿದ್ದೆವು. ಮೇಲಿಂದ ಬಂತು ಬೇರೆ ಹೆಸರು. ಆರು ತಿಂಗಳ ಹಿಂದೆ ಎದುರು ಪಕ್ಷದ ವೇದಿಕೆಯಲ್ಲಿ ಇದ್ದ ಮನುಷ್ಯ. ನಾವು ಕುರ್ಚಿ ಹಾಕುವವರು, ಕೂತುಕೊಳ್ಳುವವರು ಬೇರೆ.

ಆದರೂ ಅವತ್ತು ಬೆಳಿಗ್ಗೆ ಆರಕ್ಕೆ ನಾನು ಬೂತಿನ ಹೊರಗೆ ಇದ್ದೆ. ಯಾಕೆ ಅಂದ್ರೆ, ನನ್ನ ಪುಟದ ಮನೆಯವರು ನನ್ನನ್ನು ಕಾಯುತ್ತಾರೆ. ಚೀಟಿ ನಾನೇ ಬರೆದು ಕೊಡಬೇಕು ಅವರಿಗೆ. ಅಭ್ಯರ್ಥಿ ಯಾರಾದರೂ ಇರಲಿ.

#6 · ರಿಟೈರ್ಡ್ ಮೇಷ್ಟ್ರು

ನಾನು ಯಾವ ಪಕ್ಷವೂ ಅಲ್ಲ. ಆಗುವಂತೆಯೂ ಇರಲಿಲ್ಲ, ಸರ್ಕಾರಿ ನೌಕರಿ. ಆದರೆ ಒಂಬತ್ತು ಎಲೆಕ್ಷನ್ನಿನಲ್ಲಿ ಡ್ಯೂಟಿ ಮಾಡಿದ್ದೇನೆ, ಅದರಲ್ಲಿ ಆರು ಸಲ ಪ್ರಿಸೈಡಿಂಗ್ ಆಫೀಸರ್. ಪಕ್ಷಗಳ ಶಕ್ತಿಯನ್ನು ನೀವು ಜಾಥಾದಲ್ಲಿ ನೋಡುತ್ತೀರಿ. ನಾನು ಮತಗಟ್ಟೆಯ ಒಳಗೆ, ಏಜೆಂಟರ ಬೆಂಚಿನ ಮೇಲೆ ನೋಡಿದವನು.

ಮತದಾನ ಏಳಕ್ಕೆ ಶುರು ಅಂದರೆ ಐದೂವರೆಗೆ ಅಣಕು ಮತದಾನ. ಏಜೆಂಟರ ಎದುರಲ್ಲಿ ಕನಿಷ್ಠ ಐವತ್ತು ವೋಟು ಒತ್ತಿಸಿ, ಎಣಿಸಿ, ಅಳಿಸಿ, ಸೀಲ್ ಮಾಡಬೇಕು. ಆ ಹೊತ್ತಿಗೆ ಯಾವ ಪಕ್ಷದ ಏಜೆಂಟ್ ಬಂದಿದ್ದಾನೆ, ಯಾರಿಗೆ ಎಚ್ಚರ ಆಗಿಲ್ಲ ಅಂತ ನೋಡಿದರೆ ಸಾಕು. ದೊಡ್ಡ ಕಟೌಟ್ ಹಾಕಿಸಿದ ಪಕ್ಷದ ಏಜೆಂಟ್ ಎಂಟು ಗಂಟೆಗೆ ಬಂದದ್ದನ್ನೂ ನೋಡಿದ್ದೇನೆ.

ಮಧ್ಯಾಹ್ನ ಇನ್ನೊಂದು ಪರೀಕ್ಷೆ. ಊಟ ಬರುತ್ತೆ. ಕೆಲವರು ಊಟಕ್ಕೆ ಹೋದವರು ಮರಳಿ ಬರುವುದೇ ಇಲ್ಲ. ಸಂಜೆ ಮಷೀನಿನ ಕ್ಲೋಸ್ ಬಟನ್ ಒತ್ತಿ, ಎಷ್ಟು ವೋಟು ಬಿತ್ತು ಅಂತ 17ಸಿ ನಮೂನೆಯಲ್ಲಿ ಬರೆದು, ಪ್ರತಿ ಏಜೆಂಟಿಗೂ ಒಂದು ಪ್ರತಿ ಕೊಡಬೇಕು. ಕೊಡೋಣ ಅಂದರೆ ತೆಗೆದುಕೊಳ್ಳೋಕೆ ಜನ ಇರುವುದಿಲ್ಲ. ಆಮೇಲೆ ಟಿವಿಯಲ್ಲಿ ಕೂತು ಮಷೀನ್ ಸರಿ ಇಲ್ಲ ಅಂತಾರೆ. ಸರಿಯೋ ತಪ್ಪೋ, ಹಾಳೆ ಕೈಯಲ್ಲಿ ಇಟ್ಟುಕೊಂಡು ಮಾತಾಡಿ ಅಂತೀನಿ ನಾನು.

ಒಂದು ಸಲ, ತುಂಬಾ ಸಣ್ಣ ಪಕ್ಷದ ಒಬ್ಬ ಏಜೆಂಟ್. ಹುಡುಗ, ಇಪ್ಪತ್ತೆರಡು ಇರಬಹುದು. ಬೆಳಗ್ಗೆ ಐದೂಕಾಲಿಗೆ ಬಾಗಿಲಲ್ಲಿ ನಿಂತಿದ್ದ. ಡಬ್ಬಿಯಲ್ಲಿ ಚಿತ್ರಾನ್ನ, ಬಾಟಲಿಯಲ್ಲಿ ನೀರು. ಯಾರು ಒಳಗೆ ಬಂದರೂ ಲಿಸ್ಟಿನಲ್ಲಿ ಹೆಸರು ಹುಡುಕಿ ಗೀಟು ಹಾಕುತ್ತಿದ್ದ. ಸಂಜೆ 17ಸಿ ಕೊಟ್ಟಾಗ ಅದರ ಒಟ್ಟು ಸಂಖ್ಯೆ, ಅವನ ಗೀಟುಗಳ ಸಂಖ್ಯೆ ಒಂದೇ. ಅವನ ಪಕ್ಷಕ್ಕೆ ನಮ್ಮ ಬೂತಿನಲ್ಲಿ ಎಷ್ಟು ಬಿದ್ದಿತು ಅಂತ ಆಮೇಲೆ ಕೇಳಿದೆ. ಹನ್ನೊಂದು. ಆದರೆ ಅವತ್ತು ನನ್ನ ಕೆಲಸ ಸರಿಯಾಗಿದೆ ಅಂತ ಸಾಕ್ಷಿ ಹೇಳಬಲ್ಲವನು ಅವನೊಬ್ಬನೇ ಆಗಿದ್ದ.

ಟೈಮ್ ವೇಸ್ಟು ಅಂದವರಿಗೆ ಒಂದು ಮಾತು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ವೋಟಿನಿಂದ. 40,752, ಎದುರಿಗೆ 40,751. ಸೋತವರು ಎ.ಆರ್. ಕೃಷ್ಣಮೂರ್ತಿ. ಜಯನಗರದಲ್ಲಿ 2023ರಲ್ಲಿ ಅಂತರ 16. ಹದಿನಾರು ವೋಟು ಅಂದರೆ ಎಷ್ಟು? ಒಂದು ಟೆಂಪೋ ತುಂಬೋದಿಲ್ಲ.

#7 · ಕೆರೆ ಏರಿ

ಮೇಷ್ಟ್ರೇ, ನಿಮ್ಮ ಚಿತ್ರಾನ್ನದ ಹುಡುಗನ ಕಥೆ ನಮ್ಮ ಭಾನುವಾರದ ಸಭೆಯಲ್ಲಿ ಹೇಳ್ತೀನಿ. ಒಪ್ಪಿಗೆ ಕೇಳಿಲ್ಲ, ಕ್ಷಮಿಸಿ.

ಆ ಕೃಷ್ಣಮೂರ್ತಿಯವರೇ ಪಕ್ಷ ಬದಲಾಯಿಸಿ 2023ರಲ್ಲಿ ಕೊಳ್ಳೇಗಾಲದಲ್ಲಿ ಗೆದ್ದರು ಅಲ್ವಾ? ಒಂದು ವೋಟಿಂದ ಸೋತವರು ಹತ್ತೊಂಬತ್ತು ವರ್ಷ ಆದ ಮೇಲೆ ಸುಮಾರು 59 ಸಾವಿರ ಅಂತರದಲ್ಲಿ ಗೆದ್ದರು. ಕಾಯೋದು ಅಂದ್ರೆ ಹಾಗೆ.

ಗೋಡೆ ಬರಹ ಅವರೇ, ಕವರಿನ ವಿಷಯ ನಾನು ಅಲ್ಲಗಳೆಯಲ್ಲ. ನಮ್ಮೂರಲ್ಲೂ ಬರುತ್ತೆ. ಆದರೆ ಹೋದ ಸಲ ನೋಡಿದೆ, ಇಬ್ಬರೂ ಕೊಟ್ಟರು, ಜನ ಇಬ್ಬರ ಹತ್ರನೂ ತಗೊಂಡರು. ಆಮೇಲೆ ತಮಗೆ ಬೇಕಾದ ಕಡೆ ಹಾಕಿದರು. ನಮ್ಮ ಪಕ್ಕದ ಮನೆ ಅಜ್ಜಿ ಹೇಳಿದ್ದು, "ಅವ್ರ್ ದುಡ್ಡು ಅವ್ರಪ್ಪಂದಾ? ನಮ್ದೇಯ." ಆ ಅಜ್ಜಿ ನಮಗೂ ಇಪ್ಪತ್ತು ರೂಪಾಯಿ ಕೊಟ್ಟಿದ್ದಳು, ಪಕ್ಷದ ಖರ್ಚಿಗೆ. ಸೆರಗಿನ ಗಂಟು ಬಿಚ್ಚಿ. ಅದು ಯಾವ ದುಡ್ಡು ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ.

#8 · ಗೋಡೆ ಬರಹ

ಹಹ. ಅಜ್ಜಿ ನಿಮಗಿಂತ ಜಾಣೆ.

#9 · ಸಂಘದ ಅಕ್ಕ

ನಾನು ಚಿತ್ರದುರ್ಗ ಜಿಲ್ಲೆ. ಸ್ತ್ರೀಶಕ್ತಿ ಸಂಘದಲ್ಲಿ ಪುಸ್ತಕ ಬರೆಯೋದು ನನ್ನ ಕೆಲಸ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿಗೆ ನಿಂತು ಗೆದ್ದೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ ಅಲ್ವಾ, ನನಗೆ ಸಿಕ್ಕಿದ್ದು ಹೊಲಿಗೆ ಮಷೀನು. ಮನೆಯಲ್ಲೂ ಅದೇ ಇತ್ತು, ಬಾಗಿಲ ಮುಂದೆ ತಂದು ಇಟ್ಟೆ. ಪ್ರಚಾರ ಮುಗಿಯಿತು!

ಚಿಹ್ನೆ ಇಲ್ಲ ಅಂದ ಮಾತ್ರಕ್ಕೆ ಪಕ್ಷ ಇಲ್ಲ ಅಂತ ಅಲ್ಲ. ಮೂರೂ ಪಕ್ಷದವರು ಮನೆಗೆ ಬಂದು "ಗೆದ್ದ ಮೇಲೆ ನಮ್ಮ ಕಡೆ" ಅಂತ ಮಾತಾಡಿಸಿದರು. ನನ್ನನ್ನಲ್ಲ, ನಮ್ಮ ಮನೆಯವರನ್ನ. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಕಾಫಿ ತಂದಿಟ್ಟು, ನಾನೇ ಕೂತು ಮಾತಾಡಿದೆ. ಅವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗಲಿಲ್ಲ. ಗೆದ್ದದ್ದು 9 ವೋಟಿಂದ.

ಒಂದು ಪ್ರಶ್ನೆ ಕೆರೆ ಏರಿ ಅಣ್ಣನಿಗೆ. ನಿಮ್ಮ ಎಂಟು ಜನರಲ್ಲಿ ಹೆಂಗಸರು ಎಷ್ಟು?

#10 · ಕೆರೆ ಏರಿ

...

ಸೊನ್ನೆ ಅಕ್ಕ.

#11 · ಸಂಘದ ಅಕ್ಕ

ಅದೇ ಅಂದುಕೊಂಡೆ. ಭಾನುವಾರ ಸಂಜೆ ಹಾಲು ಹಾಕಿ ಬಂದ ಮೇಲೆ ಅಂದಿರಿ. ಆ ಹೊತ್ತಲ್ಲಿ ಹೆಂಗಸರು ಒಲೆ ಮುಂದೆ ಇರ್ತಾರೆ. ಸ್ಕೂಲ್ ಜಗಲಿ ಅಂದಿರಿ. ಕತ್ತಲಾದ ಮೇಲೆ ಗಂಡಸರು ಕೂತ ಜಗಲಿಗೆ ಯಾರು ಬರ್ತಾರೆ?

ಲಿಸ್ಟಿನಲ್ಲಿ ಅರ್ಧ ಹೆಸರು ಹೆಂಗಸರದು. ಆ ಹೆಸರಿಗೆ ರೈಟು ಇಂಟು ಹಾಕಿದವರು ಎಂಟು ಗಂಡಸರು. ಮನೆ ಯಜಮಾನ ಯಾವ ಕಡೆ ಅಂತ ನೋಡಿ ಇಡೀ ಮನೆಗೆ ಒಂದೇ ಗುರುತು ಹಾಕಿರ್ತೀರಿ, ಸುಳ್ಳಾ ಹೇಳಿ? ನಮ್ಮ ಸಂಘದಲ್ಲಿ ಇಪ್ಪತ್ತು ಜನ ಇದ್ದೀವಿ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಹಾಕಿದ ಮನೆ ಎಷ್ಟು ಅಂತ ನನಗೆ ಗೊತ್ತು. ಹೇಳಲ್ಲ.

ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿಯಲ್ಲಿ ನಮಗೆ ಅರ್ಧ ಸೀಟು ಮೀಸಲು. ಮೀಸಲಾತಿ ಪಟ್ಟಿ ಬಂದ ದಿನ ರಾತ್ರಿ ಎಲ್ಲಾ ಪಕ್ಷದವರು ಹೆಂಗಸರನ್ನು ಹುಡುಕಿಕೊಂಡು ಹೊರಡ್ತಾರೆ. ಯಾರ ಹೆಂಡತಿ, ಯಾರ ಸೊಸೆ ಅಂತ. ಅಲ್ಲೀವರೆಗೆ ಸಭೆಗೆ ಕರೆಯೋದಿಲ್ಲ. ಇದು ನಿಮಗೆ ಮಾತ್ರ ಹೇಳಿದ್ದಲ್ಲ, ಎಲ್ಲರಿಗೂ.

#12 · ತೆಂಗಿನ ತೋಟ

ಅಕ್ಕ ಹೇಳಿದ್ದು ಸರಿ ಉಂಟು. ನಮ್ಮಲ್ಲಿ ಮಹಿಳಾ ಮೋರ್ಚಾ ಅಂತ ಬೇರೆ ಇಟ್ಟಿದ್ದಾರೆ. ಬೇರೆ ಇಟ್ಟದ್ದೇ ಸಮಸ್ಯೆ.

#13 · ವೇದಿಕೆ ನಿರ್ವಾಹಕ

ಮಾತು ಚೆನ್ನಾಗಿ ಹೋಗುತ್ತಿದೆ. ಯಾವ ಪಕ್ಷ ಕಳ್ಳ, ಯಾವುದು ಒಳ್ಳೇದು ಅಂತ ಎಳೆದುಕೊಂಡು ಬಂದ ಎರಡು ಕಾಮೆಂಟ್ ತೆಗೆದಿದ್ದೇನೆ. ಅದಕ್ಕೆ ಬೇರೆ ಜಾಗ ಬೇಕಾದಷ್ಟು ಇದೆ.

#14 · ನಾಲೆ ನೀರು

ಕೆರೆ ಏರಿ ಅಣ್ಣ, ನಾನೂ ನಿಮ್ಮ ತಾಲೂಕೇ. ಮಲಪ್ರಭೆ ಅಣ್ಣ ಎಲ್ಲ ಜ್ವರ ಅಂದರು, ಅದಕ್ಕೆ ಬರೆಯುತ್ತಿದ್ದೇನೆ.

2018ರ ಫೆಬ್ರವರಿಯಲ್ಲಿ ನಮ್ಮ ಮೇಲುಕೋಟೆ ಶಾಸಕ, ರೈತ ಸಂಘದ ಪುಟ್ಟಣ್ಣಯ್ಯನವರು ಹೋದಾಗ ನಾನು ಡಿಗ್ರಿ ಕೊನೇ ವರ್ಷ. ಮಂಡ್ಯದಲ್ಲಿ ಕಬಡ್ಡಿ ನೋಡ್ತಾ ಕೂತಿದ್ದವರು ಹಾಗೇ ಹೋದರು. ಮೂರೇ ತಿಂಗಳಿಗೆ ಎಲೆಕ್ಷನ್. ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸ್ತಿದ್ದ ಮಗ ದರ್ಶನ್ ಬಂದು ನಿಂತರು. ನಾವು ಹುಡುಗರೆಲ್ಲ ಗೆದ್ದೇ ಗೆಲ್ತೀವಿ ಅಂತಿದ್ದೆವು. ಕಣ್ಣೀರಿಗೆ ವೋಟು ಬೀಳುತ್ತೆ ಅಂತ ಲೆಕ್ಕ. 22 ಸಾವಿರದಲ್ಲಿ ಸೋತೆವು. ಫಲಿತಾಂಶದ ದಿನ ನಾನು ಮನೆಗೆ ಹೋಗದೆ ನಾಲೆ ದಂಡೆಯಲ್ಲೇ ಮಲಗಿದ್ದೆ. ಅಪ್ಪ ಟಾರ್ಚ್ ಹಿಡಿದು ಹುಡುಕಿಕೊಂಡು ಬಂದ.

2023ರಲ್ಲಿ ಅದೇ ಮೇಲುಕೋಟೆಯಲ್ಲಿ, ಅದೇ ಎದುರಾಳಿ ಮೇಲೆ, 10 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಎರಡೂ ಸಲ ನಾನು ಓಡಾಡಿದ್ದೇನೆ. ವ್ಯತ್ಯಾಸ ಏನು ಗೊತ್ತಾ? ಮೊದಲ ಸಲ ನಾವು ಮೆರವಣಿಗೆ ಎಣಿಸಿದೆವು. ಎರಡನೇ ಸಲ ಬೂತ್ ಎಣಿಸಿದೆವು. ಯಾವ ಬೂತಿಗೆ ಏಜೆಂಟ್ ಇಲ್ಲ ಅಂತ ದಿನಾ ರಾತ್ರಿ ಕೂತು ನೋಡ್ತಿದ್ದೆವು.

#15 · ಮಲಪ್ರಭೆ ದಂಡೆ

ತಮ್ಮಾ, ಒಂದು ಮಾತು ಬಿಟ್ಟಿದಿ. 2018ರ ಹಾಂಗ 2023ರಾಗೂ ಅಲ್ಲಿ ಕಾಂಗ್ರೆಸ್ ಅಭ್ಯರ್ಥಿ ಹಾಕಲಿಲ್ಲ, ನಿಮಗೆ ಬೆಂಬಲ ಕೊಡ್ತು. ಅದು ಬೂತ್ ಲೆಕ್ಕ ಅಲ್ಲ, ಮ್ಯಾಲಿನವರ ಲೆಕ್ಕ.

#16 · ನಾಲೆ ನೀರು

ಒಪ್ಪಿದೆ ಅಣ್ಣ, ಬಿಟ್ಟಿದ್ದು ತಪ್ಪು. ಆ ಬೆಂಬಲ ಇಲ್ಲದಿದ್ದರೆ ಕಷ್ಟ ಇತ್ತು.

ಆದರೆ ಹೊಂದಾಣಿಕೆ ಯಾಕೆ ಮಾಡ್ಕೋತಾರೆ ಹೇಳಿ? ಸೋತ ಸಲವೂ ನಮಗೆ 73 ಸಾವಿರ ಚಿಲ್ಲರೆ ವೋಟು ಬಿದ್ದಿತ್ತು. ಅದನ್ನು ನೋಡಿಯೇ ಅಲ್ವಾ 2023ರಲ್ಲೂ ಜೊತೆ ಬಿಡದೆ ಇದ್ದದ್ದು? ಕೈಯಲ್ಲಿ ಏನೂ ಇಲ್ಲದವನ ಹತ್ರ ಯಾರು ಮಾತಿಗೆ ಬರ್ತಾರೆ?

#17 · ಮಲಪ್ರಭೆ ದಂಡೆ

ಅದೂ ಖರೇ.

ಆದರ ಒಂದು ನೆನಪಿಡು. ದೊಡ್ಡವರ ಹೆಗಲ ಮ್ಯಾಲ ಕೂತು ಜಾತ್ರಿ ನೋಡಿದರ ಚಲೋ ಕಾಣಸ್ತದ. ಇಳಿ ಅಂದಾಗ ಇಳೀಬೇಕಾಗ್ತದ.

#18 · ದುಬೈ ಭಟ್ಕಳ

ನಾನು ಯಾವ ಪಕ್ಷಕ್ಕೂ ಓಡಾಡಿದವನಲ್ಲ. ಆದರೆ 2023ರಲ್ಲಿ ವೋಟು ಹಾಕೋಕೆ ಊರಿಗೆ ಬಂದೆ. ಅನಿವಾಸಿಗಳು 6ಎ ನಮೂನೆ ತುಂಬಿ ಲಿಸ್ಟಿಗೆ ಸೇರಬಹುದು, ಆದರೆ ಬೂತಿಗೆ ಖುದ್ದು ಬರಬೇಕು, ಪಾಸ್‌ಪೋರ್ಟ್ ತೋರಿಸಬೇಕು. ಅಂಚೆಯಲ್ಲಿ ಕಳಿಸುವಂತಿಲ್ಲ. ಸರತಿ ಸಾಲಿನಲ್ಲಿ ಪಾಸ್‌ಪೋರ್ಟ್ ಹಿಡಿದು ನಿಂತಿದ್ದೆ, ಹಿಂದೆ ಇದ್ದ ಹುಡುಗ "ಅಣ್ಣ, ಇದು ಏರ್‌ಪೋರ್ಟ್ ಅಲ್ಲ" ಅಂದ. ಈ ಸಲ ಪಂಚಾಯ್ತಿಗೆ ಬರೋಕೆ ಆಗಲ್ಲ. ತಮ್ಮ ನಿಲ್ಲಬಹುದು ಅಂತಿದ್ದಾನೆ, ಅಮ್ಮ ಬೇಡ ಅಂತಿದ್ದಾರೆ. ದಿನಾ ಫೋನಿನಲ್ಲಿ ಇದೇ.

#19 · ರಿಟೈರ್ಡ್ ಮೇಷ್ಟ್ರು

ಇಲ್ಲಿ ಹುಡುಗರು ಜಾಸ್ತಿ ಇರುವುದರಿಂದ ಸ್ವಲ್ಪ ಹಳೇ ಪುರಾಣ. ಬೇಜಾರಾದರೆ ಬಿಟ್ಟು ಮುಂದೆ ಹೋಗಿ.

1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತಿಗೆ, ಮಂಡಲ ಪಂಚಾಯ್ತಿಗೆ ಎಲೆಕ್ಷನ್ ನಡೆಯಿತು. ನಾನು ಆಗ ಹೊಸ ಮೇಷ್ಟ್ರು. ಹೆಗಡೆಯವರ ಸರ್ಕಾರ, ನಜೀರ್ ಸಾಬರು ಪಂಚಾಯತ್ ಮಂತ್ರಿ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ನೀರ್ ಸಾಬ್ ಅಂತಿದ್ದರು. ಹೆಂಗಸರಿಗೆ ಕಾಲು ಭಾಗ ಸೀಟು ಅಂತ ಮೊದಲು ಮಾಡಿದ್ದೂ ಆಗಲೇ. ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ.

ಆ ಎಲೆಕ್ಷನ್ನಿನ ಹುರುಪು ಹೇಗಿತ್ತು ಅಂದರೆ, ನಮ್ಮ ಸ್ಕೂಲಿನ ಗೋಡೆ ಮೇಲೆ ಮಕ್ಕಳೂ ಚಿಹ್ನೆ ಬರೆದಿದ್ದರು. ಅಧ್ಯಕ್ಷರಿಗೆ ಅಧಿಕಾರ, ಅವರ ಕೈಕೆಳಗೆ ದೊಡ್ಡ ಅಧಿಕಾರಿ. ಹಳ್ಳಿಯವನು ಜಿಲ್ಲಾ ಆಫೀಸಿಗೆ ಚಪ್ಪಲಿ ಬಿಡದೆ ಹೋಗಲು ಕಲಿತದ್ದು ಆಗ. ದೇಶಕ್ಕೆಲ್ಲ ದಾರಿ ತೋರಿಸಿದ ರಾಜ್ಯದಲ್ಲೇ ಈಗ ಇಷ್ಟು ವರ್ಷ ಎಲೆಕ್ಷನ್ ಇಲ್ಲ. ಯಾವ ಪಕ್ಷದ ಸರ್ಕಾರ ಬಂದರೂ ಅದೇ ಕಥೆ. ಶಾಸಕರಿಗೆ ಕೆಳಗೆ ಇನ್ನೊಬ್ಬ ಲೀಡರ್ ಹುಟ್ಟೋದು ಬೇಕಿಲ್ಲ ಅಂತ ನನ್ನ ಅನುಮಾನ. ಬರೀ ಅನುಮಾನ.

ಅಂದ ಹಾಗೆ, ಬೆರಳಿಗೆ ಹಾಕೋ ಶಾಯಿ ನಮ್ಮ ಮೈಸೂರಿನದೇ ಗೊತ್ತಲ್ಲ? ಶಾಯಿ ನಮ್ಮ ಮನೆಯಲ್ಲೇ ಇದೆ, ಬೆರಳಿಗೆ ಹಾಕಲು ಎಲೆಕ್ಷನ್ ಇಲ್ಲ.

#20 · ಗೋಡೆ ಬರಹ

ಮೇಷ್ಟ್ರೇ, ಇಷ್ಟು ಗೊತ್ತಿದ್ದೂ ಇವರಿಗೆ ಆಸೆ ತೋರಿಸ್ತೀರಲ್ಲ.

#21 · ರಿಟೈರ್ಡ್ ಮೇಷ್ಟ್ರು

ಆಸೆ ನಾನು ತೋರಿಸಲಿಲ್ಲಪ್ಪ. ಅವರೇ ತಂದಿದ್ದಾರೆ.

#22 · ವೈಟ್‌ಫೀಲ್ಡ್ ಬಾಡಿಗೆ ಮನೆ

ಒಂದು ವಾರದಿಂದ ಇದನ್ನೇ ಓದ್ತಿದ್ದೇನೆ. ನಿನ್ನೆ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದೆ. "ನಮ್ಮ ಬೂತಿನ ವೋಟರ್ ಲಿಸ್ಟ್ ಪ್ರಿಂಟ್ ತೆಗೆದಿದ್ದೇನೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ದರ್ಶಿನಿ ಮುಂದೆ." ಹತ್ತೊಂಬತ್ತು ಜನ ಹೆಬ್ಬೆರಳು ಒತ್ತಿದರು. ಬಂದವರು ಇಬ್ಬರು. ಒಬ್ಬರು ಎಪ್ಪತ್ತು ದಾಟಿದ ಅಂಕಲ್, ಇನ್ನೊಬ್ಬಳು ಆಗಸ್ಟ್‌ನಲ್ಲಿ ಹದಿನೆಂಟು ತುಂಬಿದ ಹುಡುಗಿ. ಅವಳಿಗೆ ಮುಂದಿನ ಜನವರಿವರೆಗೆ ಕಾಯಬೇಕು ಅಂತ ಯಾರೋ ಹೇಳಿದ್ದರಂತೆ. ಈಗ ವರ್ಷಕ್ಕೆ ನಾಲ್ಕು ತಾರೀಕು ಇದೆ, ಅಕ್ಟೋಬರ್ ಒಂದಕ್ಕೇ ಸೇರಬಹುದು ಅಂತ ಹೇಳಿದೆ. ಅಲ್ಲೇ ಮೊಬೈಲಿನಲ್ಲಿ 6ನೇ ನಮೂನೆ ತುಂಬಿದಳು. ಇಡ್ಲಿ ತಣ್ಣಗಾಗಿತ್ತು.

ಅಂಕಲ್ ಲಿಸ್ಟ್ ನೋಡಿ ಮೊದಲ ಪುಟದಲ್ಲೇ ನಿಂತರು. ಅವರ ಹೆಂಡತಿ ಹೆಸರು. ಹೋಗಿ ನಾಲ್ಕು ವರ್ಷ ಆಯ್ತಂತೆ. "ತೆಗೆಸಬೇಕಾ?" ಅಂತ ಕೇಳಿದೆ. "7ನೇ ನಮೂನೆ ಗೊತ್ತು ಕಣಪ್ಪ. ಇನ್ನೂ ಸ್ವಲ್ಪ ದಿನ ಇರಲಿ" ಅಂದರು. ನಾನು ಪುಟ ತಿರುಗಿಸಿದೆ.

ಮೂರು ಜನ ಆದೆವು, ಅಣ್ಣ. ನೀವೂ ಮೂರರಿಂದಲೇ ಶುರು ಮಾಡಿದ್ದಲ್ವಾ?

#23 · ಕೆರೆ ಏರಿ

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹೌದು ತಮ್ಮ, ಮೂರರಿಂದಲೇ.

ನಮ್ಮ ಕಡೆಯ ಸುದ್ದಿ. ಅಕ್ಕ ಹೇಳಿದ ಮೇಲೆ ಸಭೆ ಬದಲಾಯಿಸಿದೆವು. ಭಾನುವಾರ ಮಧ್ಯಾಹ್ನ ಎರಡೂವರೆಗೆ, ಡೈರಿ ಪಕ್ಕದ ಅರಳಿಕಟ್ಟೆ ಹತ್ರ. ನಮ್ಮವಳನ್ನೇ ಮೊದಲು ಕರೆದೆ. "ನಾಲ್ಕು ಹಸು ಸಗಣಿ ಯಾರು ಎತ್ತುತ್ತಾರೆ?" ಅಂದಳು. ನಾನೇ ಎತ್ತಿದೆ. ಬಂದಳು. ಜೊತೆಗೆ ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ಒಬ್ಬರು ನಾಟಿ ಕೆಲಸಕ್ಕೆ ಗುಂಪು ಕಟ್ಟಿಕೊಂಡು ಹೋಗೋರು, ಮೂರು ಊರಿನ ಹೆಂಗಸರು ಅವರ ಮಾತು ಕೇಳ್ತಾರೆ.

ಲಿಸ್ಟ್ ಅವರ ಕೈಗೆ ಕೊಟ್ಟೆವು. ಅವರಿಗೆ ಓದೋಕೆ ಬರಲ್ಲ, ನಮ್ಮವಳು ಓದಿದಳು. ಎರಡು ಪುಟದಲ್ಲಿ ಹದಿನಾಲ್ಕು ಗುರುತು ಅಳಿಸಿ ಹಾಕಿಸಿದರು. ನಾವು ರೈಟು ಹಾಕಿದ್ದ ಒಂದು ಮನೆಗೆ ಬಂದಾಗ ನಕ್ಕರು. "ಆ ಮನೇಲಿ ನಿಮ್ಗೆ ಒಂದೇ ವೋಟು. ಅದೂ ಯಜಮಾನ್ರು ಬೆಳಗ್ಗೆನೇ ಹೋದ್ರೆ. ಸಂಜೆ ಆದ್ರೆ ಅವ್ರು ಎಲ್ಲಿರ್ತಾರೆ ನಿಮ್ಗೇ ಗೊತ್ತಲ್ಲ." ಇಂಟು ಹಾಕಿದ್ದ ಇನ್ನೊಂದು ಮನೆಯಲ್ಲಿ ಸೊಸೆ ಮತ್ತು ಅತ್ತೆ ಇಬ್ಬರೂ ನಮ್ಮ ಕಡೆ ವಾಲಿದ್ದಾರಂತೆ. ನೀರಿನ ಟ್ಯಾಂಕ್ ವಿಷಯದಲ್ಲಿ ನಾವು ಹೋಗಿ ಕೇಳಿದ್ದಕ್ಕೆ. ನಾವು ಅದನ್ನು ಮರೆತೇಬಿಟ್ಟಿದ್ದೆವು.

ಲೆಕ್ಕ ಹಾಕಿದರೆ ಒಟ್ಟು ರೈಟು ಕಡಿಮೆ ಆಗಿದೆ. ಪ್ರಶ್ನೆ ಚಿಹ್ನೆ ಜಾಸ್ತಿ ಆಗಿದೆ. ರಬ್ಬರ್ ಮುಗಿಯಿತು.

ನಾಟಿ ಅಕ್ಕನನ್ನು ಏಜೆಂಟ್ ಆಗಿ ಕೂರ್ತೀರಾ ಅಂತ ಕೇಳಿದೆ. ಓದೋಕೆ ಬರಲ್ವಲ್ಲ ಅಂದರು. ಮುಖ ಗೊತ್ತಲ್ಲ ಅಂದೆ. ಮೇಷ್ಟ್ರೇ, ಹಾಗೆ ಕೂರಿಸಬಹುದಾ?

#24 · ರಿಟೈರ್ಡ್ ಮೇಷ್ಟ್ರು

ಏಜೆಂಟ್ ಕೂರುವುದೇ ಮುಖ ಗುರುತಿಸೋಕೆ. ಬಂದವನು ಲಿಸ್ಟಿನಲ್ಲಿರೋ ಮನುಷ್ಯ ಹೌದೋ ಅಲ್ಲವೋ ಅಂತ ಹೇಳೋಕೆ. ನನ್ನ ಬೂತಿನಲ್ಲಾಗಿದ್ದರೆ ನಾನು ಖುಷಿಯಿಂದ ಕೂರಿಸ್ತಿದ್ದೆ. ಜೊತೆಗೆ ಬದಲಿಗೆ ಅಂತ ಓದು ಬರೋ ಒಬ್ಬರ ಹೆಸರನ್ನೂ ಕೊಟ್ಟಿರಿ. ಪಂಚಾಯ್ತಿಯ ನಮೂನೆಗಳು ಬೇರೆ ಇರುತ್ತವೆ, ಚುನಾವಣಾಧಿಕಾರಿ ಆಫೀಸಿನಲ್ಲಿ ಮುಂಚೆನೇ ಕೇಳಿ ಇಟ್ಟುಕೊಳ್ಳಿ. ಹಿಂದಿನ ದಿನ ಓಡಬೇಡಿ.

#25 · ಮಲಪ್ರಭೆ ದಂಡೆ

ಅಪ್ಪಗ ಇದನ್ನೆಲ್ಲ ಓದಿ ಹೇಳಿದೆ. ಎಂಬತ್ತೆರಡು ವರ್ಷ, ಕಿವಿ ಮಂದ. ಎರಡು ಸಲ ಹೇಳಬೇಕಾಯ್ತು. ಎಲ್ಲಾ ಕೇಳಿ, "ಟೇಬಲ್ ಎಲ್ಲಿ ಹಾಕ್ತಾರಂತ?" ಅಂದ.

#26 · ತೆಂಗಿನ ತೋಟ

ನಿಮ್ಮ ಅಪ್ಪಯ್ಯನಿಗೆ ನಮಸ್ಕಾರ ಹೇಳಿ. ಕೆಲಸ ಗೊತ್ತಿದ್ದವರ ಪ್ರಶ್ನೆ ಅದು. ವಿಧಾನಸಭೆಗಾದರೆ ಬೂತಿನಿಂದ ಇನ್ನೂರು ಮೀಟರ್ ಆಚೆ, ಒಂದು ಟೇಬಲ್, ಎರಡು ಕುರ್ಚಿ, ಮೇಲೆ ಒಂದು ಟಾರ್ಪಾಲ್. ಅಷ್ಟೇ ಬಿಡುವುದು. ಬೆಳಗ್ಗೆ ಮೊದಲು ಹೋದವನಿಗೆ ಮರದ ನೆರಳು. ತಡವಾದರೆ ಇಡೀ ದಿನ ಬಿಸಿಲು. ಕೆರೆ ಏರಿಯವರೇ, ಜಾಗ ಈಗಲೇ ನೋಡಿ ಇಡಿ.

#27 · ಕೆರೆ ಏರಿ

ನೋಡಿದ್ದೇವೆ. ಹುಣಸೆ ಮರ ಇದೆ. ಹೆಜ್ಜೆ ಹಾಕಿ ಅಳೆದೆವು, ಇನ್ನೂರ ಹತ್ತು ಮೀಟರ್ ಬರಬಹುದು. ಹೋದ ಸಲ ಅಲ್ಲಿ ಎದುರು ಪಕ್ಷದವರು ಕೂತಿದ್ದರು. ಈ ಸಲ ನಾಲ್ಕು ಗಂಟೆಗೇ ಹೋಗಿ ಟೇಬಲ್ ಹಾಕಬೇಕು. ಟೇಬಲ್ ನಮ್ಮ ಮನೆಯದು. ಟಾರ್ಪಾಲ್ ನಾಟಿ ಅಕ್ಕನ ಹತ್ರ ಇದೆ, ಭತ್ತ ಒಣಗಿಸೋದು. ಕುರ್ಚಿ ಮಾತ್ರ ಒಂದೇ ಇದೆ. ನಾಲೆ ನೀರು ತಮ್ಮ, ನಿಮ್ಮ ಮನೆಯಲ್ಲಿ ಕೈ ಮುರಿಯದ ಪ್ಲಾಸ್ಟಿಕ್ ಕುರ್ಚಿ ಇದೆಯಾ?

#28 · ನಾಲೆ ನೀರು

ಎರಡು ಇದೆ ಅಣ್ಣ. ಒಂದಕ್ಕೆ ಕಾಲು ಸ್ವಲ್ಪ ಅಲ್ಲಾಡುತ್ತೆ. ಎರಡೂ ತರ್ತೀನಿ.